ಏಳು ಸಲ ಕೊಂದ ಮಾವ

ನನ್ನ ಸೋದರಮಾವ ನನ್ನನ್ನು ಏಳು ಸಲ ಕೊಂದಿದ್ದಾರೆ. ಎರಡು ಸಲ ಬೆಂಕಿಯಲ್ಲಿ, ನಾಲ್ಕು ಸಲ ನೆರೆಯಲ್ಲಿ, ಒಮ್ಮೆ ಭೂಕಂಪದಲ್ಲಿ. ಇಷ್ಟಾದರೂ ಅವರ ಮೇಲೆ ಪೊಲೀಸ್ ಕೇಸಿಲ್ಲ. ಸಂಬಳ ಕೊಟ್ಟು ಅವರನ್ನು ಈ ಕೆಲಸಕ್ಕೇ ಇಟ್ಟುಕೊಂಡಿದ್ದರು!

ಮಾವ ಇಂಡಿ ಕಡೆಯಿಂದ ಬಂದು ಪಣಜಿ ಸೀಮೆಯ ಡಿಚೋಲಿ ಹತ್ತಿರದ ಒಂದು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದವರು. ಎರಡು ಸಾವಿರದ ಆರರ ಸುಮಾರಿಗೆ ನನ್ನನ್ನೂ ಅಲ್ಲಿಯ ಸ್ಟೋರಿಗೆ ಸೇರಿಸಿದರು. ಆಗಲೇ ನಮ್ಮ ಡಬ್ಬಿ ಕೊಳ್ಳುವ ಔಷಧ ಕಂಪನಿಯವರು ಒಂದು ತಕರಾರು ತೆಗೆದರು. ನಿಮ್ಮಲ್ಲಿ ಬೆಂಕಿಯೋ ನೆರೆಯೋ ಬಂದರೆ ನಮಗೆ ಡಬ್ಬಿ ಯಾರು ಕೊಡುತ್ತಾರೆ? ವರ್ಷಕ್ಕೊಮ್ಮೆ ಆಪತ್ತಿನ ತಾಲೀಮು ಮಾಡಿ ತೋರಿಸಿ, ಎಂದರು. ಮ್ಯಾನೇಜರ್ ಸಾಹೇಬರು ಮಾವನನ್ನು ಎರಡು ದಿನದ ತರಬೇತಿಗೆ ಪಣಜಿಗೆ ಕಳಿಸಿದರು. ಹೋದದ್ದು ಟೈಮ್‌ಕೀಪರ್, ತಿರುಗಿ ಬಂದದ್ದು ಯಮಧರ್ಮ. ವರ್ಷಕ್ಕೊಮ್ಮೆ ಎಂದದ್ದನ್ನು ತಿಂಗಳಿಗೊಮ್ಮೆ ಮಾಡಿದರು.

ಸೀಟಿ ಊದಿ ಎಲ್ಲರನ್ನೂ ಅಂಗಳದ ಗೇರುಮರದ ಕೆಳಗೆ ನಿಲ್ಲಿಸಿ ಚೀಟಿ ಹಂಚುವರು. ಅದರಲ್ಲಿ ‘ಜೀವಂತ’, ‘ಗಾಯ’ ಅಥವಾ ‘ಮೃತ’ ಎಂದು ಬರೆದಿರುತ್ತಿತ್ತು. ಸತ್ತವರು ಮಾತಾಡುವಂತಿಲ್ಲ, ಬದುಕಿದವರು ಅವರ ಕೆಲಸವನ್ನೂ ಹೊತ್ತು ಸಾಗಿಸಬೇಕು. ಹೀಗಾಗಿ ಎಲ್ಲರಿಗೂ ಸಾಯುವ ಆಸೆ. ಒಮ್ಮೆ ‘ಮೃತ’ ಚೀಟಿ ಸಾಹೇಬರಿಗೇ ಬಂತು. ಅವರು ಸಪ್ಪೆ ಮೋರೆ ಹಾಕಿಕೊಂಡು ಮರದಡಿ ಕೂತರು. ಅಷ್ಟರಲ್ಲಿ ಮುಂಬಯಿಯಿಂದ ಮಾಲೀಕರ ಫೋನು. ಸಾಹೇಬರು ಎದ್ದು ಓಡಿದರೆ ಮಾವ ಅಡ್ಡ ನಿಂತು ಕೈಮುಗಿದು ತಮ್ಮ ಹಿಂದಿ ತೆಗೆದರು:

“ಸಾಬ್, ಆಪ್ ಮರ್ ಗಯಾ. ಮರಾ ಹುವಾ ಆದ್ಮಿ ಫೋನ್ ನಹೀ ಉಠಾತಾ.”

ಸತ್ತ ಮನುಷ್ಯ ಫೋನ್ ಎತ್ತುವುದಿಲ್ಲವಲ್ಲ; ಎತ್ತಿದ ಗುಮಾಸ್ತ, ಸಾಹೇಬರು ತೀರಿಕೊಂಡಿದ್ದಾರೆಂದು ಪ್ರಾಮಾಣಿಕವಾಗಿ ತಿಳಿಸಿದ. ಸಂಜೆಯೊಳಗೆ ಮಾಲೀಕರ ಕಡೆಯಿಂದ ದೊಡ್ಡದೊಂದು ಹೂವಿನ ಹಾರ ಬಂತು.

ಮನೆಯಲ್ಲಾದರೂ ಸುಮ್ಮನಿದ್ದರೇ? ಒಂದು ಭಾನುವಾರ ಗ್ಯಾಸ್ ಆರಿಸಿ ಅತ್ತೆಗೆ, “ಅಡಿಗಿಮನಿ ಸುಟ್ಟೈತಿ ಅಂತ ತಿಳಕೋ. ಈಗೇನ್ ಮಾಡ್ತಿ?” ಎಂದರು.

“ನೀವು ಉಂಡೀರಿ ಅಂತ ತಿಳಕೋರಿ” ಎಂದು ಅತ್ತೆ ಹಿಟ್ಟಿನ ಕೈ ತೊಳೆದು ಟಿ.ವಿ. ಮುಂದೆ ಕೂತರು. ಅಂದು ಮಾವನೂ ನಾನೂ ಬಸ್‌ಸ್ಟ್ಯಾಂಡಿನಲ್ಲಿ ಪಾವ್‌ಭಾಜಿ ತಿಂದೆವು.

ಸಾಯುತ್ತ ಸಾಯುತ್ತ ನನಗೆ ಸಾಕಾಗಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಸೀಟಿ ಕೇಳಿದಾಗ ನಾನು ಸ್ಟೋರಿನ ಹಿಂದಿನ ಮೂಲೆಯಲ್ಲಿ, ಪೇರಿಸಿದ ರಟ್ಟುಗಳ ಮೇಲೆ ಮಲಗಿದ್ದೆ. ಏಳಲಿಲ್ಲ. ಹೊಗೆಯ ವಾಸನೆ ಬಂತು. ಮಾವ ಈ ಸಲ ಹೊಗೆಯನ್ನೂ ತರಿಸಿದ್ದಾರೆ, ಸುಧಾರಿಸಿದ್ದಾರೆ ಎಂದುಕೊಂಡು ಮಗ್ಗುಲಾದೆ. ಕೆಮ್ಮು ಹತ್ತಿ ಎದ್ದು ನೋಡಿದರೆ ಬಾಗಿಲೇ ಕಾಣಲಿಲ್ಲ.

ಹೊರಗೆ ಮಾವ ತಲೆ ಎಣಿಸಿದಾಗ ಒಬ್ಬ ಕಡಿಮೆ. ಸಾಹೇಬರು ರಟ್ಟೆ ಹಿಡಿದು ತಡೆದರಂತೆ. ಮಾವ ಕೊಸರಿಕೊಂಡು, ಒದ್ದೆ ಗೋಣಿಚೀಲ ಹೊದ್ದು ಒಳಗೆ ನುಗ್ಗಿದರು. ಹೊಗೆಯಲ್ಲಿ ನನ್ನ ಹೆಸರು ಕೂಗುವುದು ಕೇಳಿಸಿತು. ಆಮೇಲೆ ಯಾರೋ ನನ್ನ ಕಾಲರು ಹಿಡಿದು ನೆಲದ ಮೇಲೆ ದರದರ ಎಳೆದರು.

ಹೊರಗೆ ತಂದು ಕೆಡವಿದವರೇ ಕೆನ್ನೆಗೊಂದು ಬಾರಿಸಿದರು. ಅವರ ಹುಬ್ಬೂ ಅರ್ಧ ಮೀಸೆಯೂ ಸುಟ್ಟಿದ್ದವು. ಸ್ಟೋರು ಹೋಯಿತು, ಯಂತ್ರಗಳು ಉಳಿದವು. ಮೂರನೆಯ ದಿನ ಬಾಡಿಗೆ ಶೆಡ್ಡಿನಲ್ಲಿ ಕೆಲಸ ಶುರುವಾದಾಗ, ತಾನು ಎಲ್ಲಿ ನಿಲ್ಲಬೇಕೆಂದು ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ.

ಆದರೆ ಆ ಮಧ್ಯಾಹ್ನ ಸಾಹೇಬರು ಬಂದು ಬೆನ್ನು ತಟ್ಟಿದರೂ ಮಾವ ಏಳಲಿಲ್ಲ. ನನ್ನ ಪಕ್ಕ ಮಣ್ಣಿನಲ್ಲೇ ಕೂತು, ಹೊಡೆದ ಕೆನ್ನೆಯನ್ನು ಮಸಿಗೈಯಿಂದ ಸವರುತ್ತಿದ್ದರು. ನನ್ನ ಅವ್ವ ಅವರಿಗೆ ಇರುವ ಒಬ್ಬಳೇ ತಂಗಿ.

“ನಿಮ್ಮವ್ವಗ ನಾ ಏನಂತ ಹೇಳ್ಬೇಕಿತ್ತೋ?” ಎಂದರು.

ಆ ಮಸಿಗೈಯಿಂದಲೇ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಹೊಗೆಯಿಂದಲೇ ಇರಬೇಕೆಂದು ಇಬ್ಬರೂ ಒಪ್ಪಿಕೊಂಡೆವು.