ಅಂಗಳದ ಬಾಟಲಿ ಮತ್ತು ನನ್ನ ತೀರ್ಪು

ಮಾಸ್ತರಿಕೆಯಿಂದ ನಿವೃತ್ತನಾದರೂ ಪೇಪರು ತಿದ್ದುವುದು ನನಗೆ ತಪ್ಪಿಲ್ಲ. ಮೊದಲು ಹುಡುಗರ ಪೇಪರು, ಈಗ ಓಣಿಯವರ ವಾಟ್ಸಾಪು. ಅಂಗಳದಲ್ಲಿ ಬಿದ್ದ ಆಟಿಕೆ ಮುಟ್ಟಬೇಡಿ, ಗೇಟಿಗೆ ನೇತುಹಾಕಿದ ಚೀಲ ಮೂಸಬೇಡಿ, ಇದನ್ನು ಹತ್ತು ಜನಕ್ಕೆ ಕಳಿಸಿ ಎಂದು ಯಾರಿಗೆ ಏನು ಬಂದರೂ ಅದು ಕಡೆಗೆ ನನ್ನ ಮುಂದೆ ಬಂದು ನಿಲ್ಲುತ್ತದೆ. "ಮಾಸ್ತರ್, ನೀವು ಸಾಯನ್ಸ್ ಕಲಿಸಿದವ್ರು. ಇದು ಖರೆ ಏನ್ರಿ?" ನಾನು ಕನ್ನಡಕ ಏರಿಸಿಕೊಂಡು ತೀರ್ಪು ಹೇಳಬೇಕು. ಹೇಳಿ ಹೇಳಿ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬಕೆಟ್ಟಿನೊಳಗಿನ ಪೆನ್ನು

ಮೂಡಲಗಿಯ ಸಾಲೆಯಲ್ಲಿ ನಾನಿದ್ದಾಗ ಇಂಥ ಎಚ್ಚರಿಕೆಗಳು ಈಮೇಲಿನಲ್ಲಿ ಬರುತ್ತಿದ್ದವು. ಸಾಲೆಗೆಲ್ಲ ಒಂದೇ ಕಂಪ್ಯೂಟರು, ಅದು ಹೆಡ್ ಮಾಸ್ತರ ಕೋಣೆಯಲ್ಲಿ. ಒಂದು ದಿನ ಅವರು ಒಂದು ಹಾಳೆ ಹಿಡಿದುಕೊಂಡು ಪ್ರಾರ್ಥನೆಗೆ ಬಂದರು. ಅಂಗಳದಲ್ಲಿ ಬಿದ್ದ ಪೆನ್ನುಗಳಲ್ಲಿ ಮದ್ದು ತುಂಬಿರುತ್ತದೆ, ಟೊಪ್ಪಿಗೆ ತೆಗೆದರೆ ಸಿಡಿಯುತ್ತದೆ ಎಂದು ಅದರಲ್ಲಿತ್ತು. ಹತ್ತು ಜನಕ್ಕೆ ತಿಳಿಸಿ ಅಂದಿದ್ದರೆ ಅವರು ಇಡೀ ಸಾಲೆಗೆ ಓದಿ ಹೇಳಿದರು.

ಮಧ್ಯಾಹ್ನದೊಳಗೆ ಸಾಲೆಯ ಅಂಗಳವನ್ನೆಲ್ಲ ಜಾಲಾಡಿ, ಸಿಕ್ಕ ಪೆನ್ನುಗಳನ್ನು ಇಕ್ಕಳದಿಂದ ಎತ್ತಿ ನೀರಿನ ಬಕೆಟ್ಟಿನಲ್ಲಿ ಹಾಕಿದ್ದರು. ಹೆಡ್ ಮಾಸ್ತರು ನನ್ನನ್ನು ಕರೆದು, "ಯಾವುದರಾಗ ಮದ್ದು ಐತಿ ನೋಡ್ರಿ" ಅಂದರು.

"ಒಂದರಾಗೂ ಇಲ್ರಿ ಸರ್."

"ಮುಟ್ಟಲಾರದ ಹೆಂಗ ಹೇಳ್ತೀರಿ?"

"ನಾಲ್ಕು ನನ್ನವ ಅದಾವ್ರಿ. ಆ ಹಸರು ಪೆನ್ನು ನಿಮ್ಮದು."

ತಮ್ಮ ಹಸಿರು ಪೆನ್ನನ್ನು ಅವರು ಹದಿನೈದು ದಿನದಿಂದ ಹುಡುಕುತ್ತಿದ್ದರು. ಎತ್ತಿಕೊಂಡು ಒರೆಸಿ, ಕೈ ಉದ್ದಕ್ಕೆ ಚಾಚಿ, ಕಣ್ಣು ಮುಚ್ಚಿ ಟೊಪ್ಪಿಗೆ ತೆಗೆದರು. ಸಿಡಿಯಲಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಹೋದರೆ ಬರೆಯಲೂ ಇಲ್ಲ.

"ನೋಡ್ರಿ," ಅಂದರು ಹೆಡ್ ಮಾಸ್ತರು, "ಪೆನ್ನಿನೊಳಗ ಏನೋ ಗಡಬಡ ಇದ್ದದ್ದು ಖರೆ ಆತು."

ನಾಯಿಯ ಸಲುವಾಗಿ ಇಟ್ಟ ನೀರು

ಈಗ ನಾವಿರುವುದು ಕೊಣ್ಣೂರಿನಲ್ಲಿ. ಎದುರು ಮನೆಯಲ್ಲಿ ಒಬ್ಬರು ಹೆಂಗಸಿದ್ದಾರೆ, ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಅವರ ತವರು ಸಾಂಗಲಿ ಕಡೆ, ಹೀಗಾಗಿ ಎಚ್ಚರಿಕೆಗಳು ಮರಾಠಿಯಲ್ಲಿ ಬರುತ್ತವೆ. ಅವನ್ನು ಕನ್ನಡಕ್ಕೆ ತಿರುಗಿಸಿ ಓಣಿಯ ಗ್ರೂಪಿಗೆ ಹಾಕುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡಿದ್ದಾರೆ.

ಒಮ್ಮೆ ಕಾಕು ಹಾಕಿದರು: ಮನೆಯ ಮುಂದೆ ಬಣ್ಣದ ನೀರಿನ ಬಾಟಲಿ ಕಂಡರೆ ಹತ್ತಿರ ಹೋಗಬೇಡಿ, ಒಳಗೆ ವಿಷವಿರುತ್ತದೆ. ನಮ್ಮ ಓಣಿಯಲ್ಲಿ ಬಣ್ಣದ ನೀರಿನ ಬಾಟಲಿ ಇಲ್ಲದ ಮನೆಯೇ ಇಲ್ಲ. ನಾಯಿ ಬಂದು ಕಟ್ಟೆ ಹೊಲಸು ಮಾಡಬಾರದೆಂದು ಕುಂಕುಮ ಕದಡಿದ ನೀರೋ ನೀಲಿ ಹಾಕಿದ ನೀರೋ ತುಂಬಿ ಎಲ್ಲರೂ ಸಾಲಾಗಿ ಇಟ್ಟಿರುತ್ತಾರೆ. ಮಜಾ ಏನೆಂದರೆ, ಯಾರಿಗೂ ತಮ್ಮ ಬಾಟಲಿಯ ಬಗ್ಗೆ ಸಂಶಯವಿರಲಿಲ್ಲ.

"ನಮ್ಮದು ಕುಂಕುಮದ ನೀರರಿ, ನಾನ ಕದಡೇನಿ. ಬಾಜೂ ಮನಿಯವ್ರದು ಏನೈತೋ ಗೊತ್ತಿಲ್ಲ. ಒಂದೀಟು ನೋಡಿ ಬರ್ರಿ," ಎಂದು ಕಾಕು ಶುರು ಮಾಡಿದರು. ಬಾಜೂ ಮನೆಯವರು ಅದರಾಚೆಯ ಮನೆ ತೋರಿಸಿದರು. ಹೀಗೆ ಇಡೀ ಓಣಿ ತಿರುಗಿದೆ. ಕಾಕು ನನ್ನ ಹಿಂದೆಯೇ ಇದ್ದರು. ಕೊನೆಯ ಮನೆಯ ಕಟ್ಟೆಯ ಮೇಲೆ ಓಣಿಯ ನಾಯಿ ಕೆಂಪು ಬಾಟಲಿಗೆ ಬೆನ್ನು ಹಚ್ಚಿ ಸುಖವಾಗಿ ಮಲಗಿತ್ತು.

ಕಾಕು ಅದನ್ನು ನೋಡಿ, "ಇದಕ್ಕ ಮೆಸೇಜ್ ಬಂದಿಲ್ಲ ಕಾಣತೈತಿ," ಅಂದರು.

ಮೂರು ಕೊಡ ನೀರು

ನಮ್ಮ ಹೆಡ್ ಮಾಸ್ತರು ನಿವೃತ್ತರಾಗಿ ಹುಕ್ಕೇರಿಯಲ್ಲಿ ಮನೆ ಮಾಡಿದ್ದಾರೆ. ಒಮ್ಮೆ ಹುಕ್ಕೇರಿಗೆ ಹೊರಟಿದ್ದ ನಮ್ಮ ಓಣಿಯವರೊಬ್ಬರ ಕೈಯಲ್ಲಿ ಅವರಿಗೆ ಒಂದು ಡಬ್ಬಿ ಗೋಕಾಕದ ಕರದಂಟು ಕಳಿಸಿದ್ದೆ. ಮನೆಗೆ ಕೀಲಿ ಇತ್ತಂತೆ, ಇವರು ತುಳಸಿ ಕಟ್ಟೆಯ ಹತ್ತಿರ ಇಟ್ಟು ಬಂದುಬಿಟ್ಟರು.

ಸಂಜೆ ಹೆಡ್ ಮಾಸ್ತರ ವಿಡಿಯೋ ಕಾಲ್ ಬಂತು. ಅವರು ಅಂಗಳದ ನೀರಿನ ಟಾಕಿಯ ಹಿಂದೆ ಬಗ್ಗಿ ಕುಳಿತಿದ್ದರು. "ಮಾಸ್ತರ್, ಅಂಗಳದಾಗ ಯಾರೋ ಒಂದು ಡಬ್ಬಿ ಇಟ್ಟು ಹೋಗ್ಯಾರ. ಇಂಥಾ ಡಬ್ಬಿ ಮುಟ್ಟಬ್ಯಾಡ್ರಿ ಅಂತ ಮುಂಜಾನೇನ ಮೆಸೇಜ್ ಬಂದೈತಿ. ಮೂರು ಕೊಡ ನೀರು ಸುರವೇನಿ. ಮುಂದ ಏನ್ ಮಾಡ್ಲಿ?"

"ಒರಸಿಕೊಂಡು ತಿನ್ರಿ ಸರ್. ಅದು ನಾ ಕಳಿಸಿದ ಕರದಂಟು."

ಬಹಳ ಹೊತ್ತು ಪರದೆಯ ಮೇಲೆ ಬರೀ ಟಾಕಿ ಕಾಣುತ್ತಿತ್ತು. ಆಮೇಲೆ ಜಗಿಯುವ ಸಪ್ಪಳ ಕೇಳಿತು. "ಮೂರು ಕೊಡ ಸುರವಿದ್ರೂ ಅಂಟು ಬಿಟ್ಟಿಲ್ರಿ ಮಾಸ್ತರ್," ಅಂದರು. "ಗೋಕಾಕದ್ದು ಅಂದ್ರ ಗೋಕಾಕದ್ದ."

ಫರಸಿಯ ಮೇಲಿನ ನೊರೆ

ಇಷ್ಟೆಲ್ಲ ಆದ ಮೇಲೆ ಕಾಕು ಇನ್ನೊಂದು ಎಚ್ಚರಿಕೆ ಹಾಕಿದರು. ಕುಡಿಯುವ ನೀರಿನ ಬಾಟಲಿಯಲ್ಲಿ ಆ್ಯಸಿಡ್ ತುಂಬಿ ಅಂಗಳದಲ್ಲಿ ಇಟ್ಟಿರುತ್ತಾರೆ, ಹುಷಾರಾಗಿರಿ. ನಾನು ಕಣ್ಣಾಡಿಸಿ ಬರೆದೆ: "ಸುಳ್ಳು. ಅಂಗಳದಲ್ಲಿ ಆ್ಯಸಿಡ್ ಇಡುವಷ್ಟು ದಡ್ಡರು ನಮ್ಮ ಕಡೆ ಯಾರೂ ಇಲ್ಲ." ಓಣಿಯವರೆಲ್ಲ ಕೈಮುಗಿಯುವ ಚಿತ್ರ ಹಾಕಿದರು.

ಎರಡು ದಿನ ಬಿಟ್ಟು ಮೂಡಲಗಿಯಿಂದ ನನ್ನ ಹೆಂಡತಿಯ ಅಣ್ಣ ಬಂದರು. ಉರಿ ಬಿಸಿಲು, ಗಾಡಿಯ ಮೇಲೆ ಬಂದು ಬಾಯಿ ಒಣಗಿತ್ತು. ಅಂಗಳದ ನಳದಲ್ಲಿ ಕೈಕಾಲು ತೊಳೆದರು, ಪಕ್ಕದಲ್ಲಿದ್ದ ಬಾಟಲಿ ಎತ್ತಿದರು, ಬಿರಡೆ ತಿರುಗಿಸಿದರು. ನಾನು ಕುರ್ಚಿಯಲ್ಲಿ ಕುಳಿತು, "ಬರ್ರಿ, ಒಳಗ ತಂಪು ನೀರು ಕೊಡ್ತಾರ" ಅನ್ನುತ್ತಲೇ ಇದ್ದೆ. ಅವರು ನಮ್ಮವರೆಲ್ಲರ ಹಾಗೆ ಕತ್ತು ಹಿಂದಕ್ಕೆ ಹಾಕಿ, ಎತ್ತಿ ಕುಡಿಯಲು ಬಾಯಿ ತೆರೆದರು.

ಕರಿಬೇವು ಕೇಳಲು ಗೇಟಿನೊಳಗೆ ಬರುತ್ತಿದ್ದ ಕಾಕು ಓಡಿಬಂದು ಅವರ ಮುಂಗೈ ಹಿಡಿದು ಅತ್ತ ತಿರುವಿದರು. ಬಾಟಲಿ ಅಂಗಳಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ಬಿತ್ತು. ಕಲ್ಲು ಸುಯ್ಯೆಂದು ಬಿಳಿ ನೊರೆ ಕಾರಿತು. ಸುಣ್ಣದ ಕಲ್ಲಿನ ಮೇಲೆ ಆ್ಯಸಿಡ್ ಹಾಕಿ ಮಕ್ಕಳಿಗೆ ತೋರಿಸುತ್ತ ನೌಕರಿ ಮುಗಿಸಿದವನು ನಾನು, ಅದೇನೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಆ ಬಾಟಲಿ ನನ್ನದೇ. ಬಚ್ಚಲು ತೊಳೆಯಲೆಂದು ಸೈಕಲ್ಲಿನ ಮೇಲೆ ಮಾರಲು ಬರುವವನ ಹತ್ತಿರ ಆ್ಯಸಿಡ್ ಕೊಂಡು, ಖಾಲಿ ನೀರಿನ ಬಾಟಲಿಗೆ ತುಂಬಿಸಿ, ನಳದ ಹತ್ತಿರ ಇಟ್ಟು ಮರೆತಿದ್ದೆ. ದೀಪದ ಬುಡದಲ್ಲೇ ಕತ್ತಲೆ.

ಕಾಕು ಮೆಲ್ಲಗೆ ಅಂದರು: "ಎರಡು ದಿನದಿಂದ ಆ ಬಾಟಲಿ ನೋಡಾಕತ್ತೇನ್ರಿ ಮಾಸ್ತರ್. ನೀವು ಸುಳ್ಳ ಅಂದಿದ್ರಿ ಅಂತ ಸುಮ್ನಿದ್ನಿ."

ಅವರು ಇನ್ನೊಂದು ಕ್ಷಣ ತಡವಾಗಿ ಬಂದಿದ್ದರೆ ನನ್ನ ಹೆಂಡತಿಗೆ ನಾನು ಏನು ಮುಖ ತೋರಿಸುತ್ತಿದ್ದೆ? ಎಲ್ಲರ ಎದುರು ಕಾಕುವಿಗೆ ಕೈ ಮುಗಿದೆ. ಅವರು ಕರಿಬೇವು ಇಸಿದುಕೊಂಡು, "ನಮ್ಮ ಸಾಂಗಲಿ ಮಂದಿಗೆ ತಿಳಿಸಲೇನ್ರಿ? ನಿಮ್ಮ ಹೆಸರು ಹಾಕಂಗಿಲ್ಲ," ಎಂದು ಕೇಳಿದರು. ಅವಶ್ಯವಾಗಿ ತಿಳಿಸಿರಿ ಅಂದೆ.

ನಾಲ್ಕನೆಯ ದಿನ ಹುಕ್ಕೇರಿಯಿಂದ ಹೆಡ್ ಮಾಸ್ತರ ಮೆಸೇಜು ಬಂತು. ಊರೂರು ಸುತ್ತಿ ಬರುವಷ್ಟರಲ್ಲಿ ಸುದ್ದಿ ಬೆಳೆದಿತ್ತು. ಸಾಂಗಲಿಯ ಒಬ್ಬ ದೊಡ್ಡ ವಿಜ್ಞಾನಿ ತನ್ನ ಅಂಗಳದಲ್ಲೇ ಕುಡಿಯುವ ಬಾಟಲಿಯಲ್ಲಿ ಆ್ಯಸಿಡ್ ಇಟ್ಟಿದ್ದನಂತೆ, ನೆರೆಮನೆಯ ಹೆಣ್ಣುಮಗಳೊಬ್ಬಳು ಒಂದು ಜೀವ ಉಳಿಸಿದಳಂತೆ. ಅದರ ಕೆಳಗೆ ಹೆಡ್ ಮಾಸ್ತರು ಕೇಳಿದ್ದರು: "ಅಷ್ಟು ಕಲಿತಾಂವ ಇಷ್ಟು ದಡ್ಡ ಇರ್ತಾನೇನ್ರಿ? ನನಗ ನಂಬಿಕಿ ಆಗವಲ್ದು. ನೀವು ನೋಡಿ ಹೇಳ್ರಿ."

ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ತೀರ್ಪು ಬರೆದೆ: "ಖರೆ ಐತ್ರಿ ಸರ್. ಆ ಮನಷ್ಯಾ ನನಗ ಚಲೋ ಗೊತ್ತು."