ಬಿಟ್ಟಿ ಸಿಕ್ಕರೆ ಎಷ್ಟು ಗ್ಲಾಸು?

ಅನರ್ಥಕ್ಕೆಲ್ಲ ಮೂಲ ಒಂದು ಹಾಳೆ. ತಕ್ಕಡಿ ರಿಪೇರಿಯ ಮೇಸ್ತ್ರಿ ಅದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಬೆಳಿಗ್ಗೆ ಅಂಗಡಿ ತೆಗೆಯುವಾಗ ಪಕ್ಕದ ಟೈಲರನಿಗೆ ತೋರಿಸಿದ.

ಕುಡಿತ ಬಿಡಿಸುವ ಹೊಸ ಗುಳಿಗೆಯೊಂದರ ಪರೀಕ್ಷೆಗೆ ಮೇಸ್ತ್ರಿ ಸೇರಿ ನಾಲ್ಕು ತಿಂಗಳಾಗಿತ್ತು. ಅಷ್ಟೇ ದಿನದಿಂದ ಅವನ ಹೆಂಡತಿ ಅಣ್ಣನ ಮನೆಯಲ್ಲಿದ್ದಳು. "ವಾಸಿಯಾಗಿದೆ ಅಂತ ಡಾಕ್ಟರ ಬಾಯಿಂದಲೇ ಕೇಳಬೇಕು, ಆಮೇಲೆ ಬರ್ತೀನಿ" ಎಂದು ಹೇಳಿ ಹೋಗಿದ್ದಳು. ಕೇಳುವ ದಿನ ಇಂದು, ಸಂಜೆ ನಾಲ್ಕಕ್ಕೆ, ಆಸ್ಪತ್ರೆಯಲ್ಲಿ. ಬೈಯುವವರಿಲ್ಲದ ಮನೆ ಮೇಸ್ತ್ರಿಗೆ ಕಲ್ಲು ಕಳೆದ ತಕ್ಕಡಿಯಂತಾಗಿತ್ತು: ಒಂದು ತಟ್ಟೆ ನೆಲಕ್ಕೆ, ಇನ್ನೊಂದು ಆಕಾಶಕ್ಕೆ.

ಪರೀಕ್ಷೆ ನಡೆಸುತ್ತಿದ್ದವರು ನಾಡಿ ಹಿಡಿಯುವ ಡಾಕ್ಟರಲ್ಲ, ಅರ್ಥಶಾಸ್ತ್ರದ ಡಾಕ್ಟರು. ಮನುಷ್ಯನ ಚಪಲಕ್ಕೆ ಎಷ್ಟು ಬೆಲೆ ಎಂದು ಅಳೆಯುವುದೇ ಅವರ ಕಸುಬು. ಹಾಳೆಯಲ್ಲಿದ್ದದ್ದಿಷ್ಟು: ಬಿಟ್ಟಿ ಸಿಕ್ಕರೆ ಇಂದು ಎಷ್ಟು ಗ್ಲಾಸು ಕುಡಿಯುವಿರಿ? ಗ್ಲಾಸಿಗೆ ಹತ್ತಾದರೆ? ಇಪ್ಪತ್ತಾದರೆ? ನೂರಾದರೆ? ಗುಳಿಗೆ ನಾಟಿದ್ದರೆ ಉತ್ತರಗಳು ಇಳಿದಿರಬೇಕು.

"ಇದಕ್ಕೇನು ತಲೆ ಕೆಡಿಸ್ಕೋತೀಯೋ! ಎಲ್ಲಕ್ಕೂ ಸೊನ್ನೆ ಸುತ್ತು" ಎಂದ ಟೈಲರ್.

ಮಹಡಿಯಿಂದ ನಿವೃತ್ತ ಮೇಡಂ ಬಗ್ಗಿದರು. "ಎಲ್ಲಾ ಸೊನ್ನೆ ಇದ್ರೆ ಕಾಪಿ ಹೊಡೆದಿದ್ದಾನೆ ಅಂತಾರೆ ಕಣಯ್ಯಾ! ಮೂವತ್ತು ವರ್ಷ ಪೇಪರ್ ತಿದ್ದಿದ್ದೀನಿ. ಬಿಟ್ಟಿಗೆ ಮೂರು, ಹತ್ತಕ್ಕೆ ಎರಡು, ಮೆಟ್ಟಿಲ ಹಾಗೆ ಇಳಿಸು."

"ಬಿಟ್ಟಿಗೆ ಮೂರೇ ಮೂರಾ?" ತಕ್ಕಡಿ ರಿಪೇರಿಗೆ ತಂದಿದ್ದ ತರಕಾರಿಯವನು ನಕ್ಕ. "ಪುಕ್ಸಟ್ಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು!"

ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬ ಇದೇ ಮಾತು. ಇಲ್ಲೇ ಬಿಟ್ಟಿ ಕೊಡುತ್ತಾರಂತೆ ಎಂದು ಅಂಗಡಿಯ ಮುಂದೆ ಒಂಬತ್ತು ಜನ ಸಾಲು ನಿಂತರು. ಕೊನೆಗೆ ತರಕಾರಿಯವನು, "ಮಾತೆಲ್ಲ ಯಾಕೆ? ಎದುರಿಗಿಟ್ಟು ನೋಡೇ ಬಿಡೋಣ" ಎಂದು ನಿಜವಾಗಿಯೇ ಒಂದು ಗ್ಲಾಸು ತಂದ. ಮೇಸ್ತ್ರಿ ಕೈ ಅಡ್ಡ ಹಿಡಿದ. ಸಾಲಿನಲ್ಲಿದ್ದವರು ಮುನ್ನುಗ್ಗಿದರು. ಗ್ಲಾಸು ಮಗುಚಿ ಪೂರ್ತಿ ಅವನ ಅಂಗಿಯ ಮೇಲೆ ಸುರಿಯಿತು. ಗಂಟೆ ಆಗಲೇ ಮೂರೂ ಮುಕ್ಕಾಲು. ಬಟ್ಟೆ ಬದಲಿಸಲು ಹೊತ್ತಿರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿ, ಪಕ್ಕದಲ್ಲಿ ಅವಳಣ್ಣ, ಅವಳ ಕಾಲ ಬಳಿ ಬಟ್ಟೆಯ ಚೀಲ. ಮನೆಗೆ ಬರುವ ತಯಾರಿಯಲ್ಲೇ ಬಂದಿದ್ದಾಳೆ ಎಂದು ಮೇಸ್ತ್ರಿ ದಾಪುಗಾಲು ಹಾಕಿದ. ಅವಳು ಮೂಗು ಮುಚ್ಚಿಕೊಂಡು ಎದ್ದಳು.

"ನಡಿಯಮ್ಮ, ಬಾಗಿಲಲ್ಲೇ ಗೊತ್ತಾಯ್ತಲ್ಲ" ಎಂದ ಅಣ್ಣ.

"ಅಂಗಿ ಕುಡಿದಿದೆ, ನಾನು ಕುಡಿದಿಲ್ಲ!" ಎಂದು ಮೇಸ್ತ್ರಿ ಅಂಗಲಾಚಿದ. ಉಸಿರು ಊದಿಸುವ ಯಂತ್ರ ತಂದರು. ಊದಿದ. ಸೊನ್ನೆ. ಅವಳು ಮತ್ತೆ ಕೂತಳು.

ಒಳಗೆ ಡಾಕ್ಟರು ಬಾಗಿಲು ತೆರೆದಿಟ್ಟೇ ಕೇಳಿದರು. "ಬಿಟ್ಟಿ ಸಿಕ್ಕರೆ?"

ಟೈಲರನ ಸೊನ್ನೆ, ಮೇಡಮ್ಮಿನ ಮೆಟ್ಟಿಲು, ತರಕಾರಿಯವನ ಅಪ್ಪ, ಮೂರೂ ತಲೆಯಲ್ಲಿ ಸುತ್ತಿದವು. ಮೇಸ್ತ್ರಿ ಕಣ್ಣು ಮುಚ್ಚಿ, ಎಷ್ಟೋ ವರ್ಷಗಳ ಮೇಲೆ ತನ್ನನ್ನೇ ಕೇಳಿಕೊಂಡ. "ಬೇಡ."

"ಹತ್ತಕ್ಕೆ?"

"ಬಿಟ್ಟಿಗೇ ಬೇಡ ಅಂದಮೇಲೆ ಕಾಸು ಕೊಟ್ಟು ಕುಡಿಯೋಕೆ ನನಗೇನು ಹುಚ್ಚೇ ಸಾರ್?"

ಡಾಕ್ಟರ ಮುಖ ಅರಳಿತು. "ಸರಿ. ಇವತ್ತೇ ಒಂದು ಗ್ಲಾಸು, ಇಲ್ಲಾ ಒಂದು ತಿಂಗಳು ಕಾದರೆ ನೀವು ಆಸೆಪಟ್ಟದ್ದು. ಏನಾಸೆ?"

ಮೇಸ್ತ್ರಿ ಬಾಗಿಲ ಕಡೆ ನೋಡಿದ. "ಅವಳು ಮನೆಗೆ ಬರೋದು. ಕಾಯ್ತೀನಿ."

"ಒಂದು ವರ್ಷವಾದರೆ?"

"ಕಾಯ್ತೀನಿ."

"ಹತ್ತು?"

"ಕಾಯ್ತೀನಿ."

"ಇಪ್ಪತ್ತು?"

"ಆಗ ಕಣ್ಣು ಕಾಣದೇ ಇರಬಹುದು. ಬಾಗಿಲಿಗೆ ಅಗುಳಿ ಹಾಕದೇ ಕಾಯ್ತೀನಿ."

ಡಾಕ್ಟರ ಹಾಳೆಯಲ್ಲಿ ಅದರಾಚೆಗೆ ಅಂಕಿ ಇರಲಿಲ್ಲ. ಹೊರಗೆ ಹೆಂಡತಿ ಕಣ್ಣೊರೆಸಿಕೊಂಡು ಚೀಲ ಎತ್ತಿಕೊಂಡಳು, ಒಳಗೆ ಬಂದಳು.

"ಪೂರ್ತಿ ಗುಣವಾಗಿದೆಯಮ್ಮಾ!" ಎಂದು ಡಾಕ್ಟರು ಮುಚ್ಚಿದ ಲಕೋಟೆಯೊಂದನ್ನು ಹರಿದರು. "ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ಹಿಟ್ಟಿನ ಗುಳಿಗೆ ಕೊಟ್ಟಿದ್ದೆವು. ಯಾರಿಗೆ ಯಾವುದು ಅಂತ ನನಗೂ ತಿಳಿದಿರಲಿಲ್ಲ. ಇವರಿಗೆ..." ಅವರ ಮುಖ ಬಾಡಿತು. "ಹಿಟ್ಟು."

ಮೇಸ್ತ್ರಿ ಹಿಗ್ಗಿದ. "ನೋಡಿದೆಯೇನೇ! ಔಷಧವೇ ಇಲ್ಲದೆ ಬಿಟ್ಟುಬಿಟ್ಟೆ!"

"ಔಷಧವೇ ಇಲ್ಲದೆ?" ಅವಳು ನಿಂತಲ್ಲೇ ನಿಂತಳು. "ಹನ್ನೆರಡು ವರ್ಷ, 'ಇದು ಕಾಯಿಲೆ ಕಣೇ, ನನ್ನ ಕೈಲಿಲ್ಲ' ಅಂತ ಅತ್ತಿರಿ. ನಂಬಿ, ನೀವು ಕಕ್ಕಿದ್ದನ್ನೆಲ್ಲ ಬಳಿದೆ. ಹಿಟ್ಟು ನುಂಗಿ ಬಿಡೋ ಹಾಗಿದ್ರೆ ಅಡುಗೆಮನೇಲಿ ಡಬ್ಬದ ತುಂಬ ಇತ್ತಲ್ರೀ!"

"ಅಮ್ಮಾ, ಕಾಯಿಲೆ ನಿಜವೇ" ಎಂದರು ಡಾಕ್ಟರು. "ವಾರವಾರ ಬಂದು ಮಾತಾಡಿದ್ದೂ ಚಿಕಿತ್ಸೆಯೇ..."

"ಎಷ್ಟು ವರ್ಷ ಕಾಯ್ತೀನಿ ಅಂದ್ರು ಇವರು?"

"ಇಪ್ಪತ್ತು."

"ಅಷ್ಟೆಲ್ಲ ಬೇಡಿ. ನಾನು ಕಾದದ್ದು ಹನ್ನೆರಡು. ಅದರಲ್ಲಿ ಆಗಿರೋ ನಾಲ್ಕು ತಿಂಗಳು ಕಳೆದು, ಉಳಿದದ್ದು ಕಾಯಲಿ." ಚೀಲವನ್ನು ಅಣ್ಣನ ಕೈಗಿತ್ತು ಹೊರಟಳು.

ಮೇಸ್ತ್ರಿ ಕಳೆದು ನೋಡಿದ: ಹನ್ನೊಂದು ವರ್ಷ, ಎಂಟು ತಿಂಗಳು. ಊರಿನವರ ತಕ್ಕಡಿಗಳ ಮೋಸವನ್ನೆಲ್ಲ ಹಿಡಿದವನಿಗೆ ಈ ತೂಕದಲ್ಲಿ ಒಂದು ಗುಲಗಂಜಿಯಷ್ಟೂ ತಪ್ಪು ಸಿಗಲಿಲ್ಲ.