ಮಲ್ಲಿಗೆಗೆ ಅಡಿಕೆಯ ಮದ್ದು

ತುಕ್ಕು ರೋಗವನ್ನು ಭೂಮಂಡಲದಿಂದ, ಅಷ್ಟಾಗದಿದ್ದರೆ ನಮ್ಮ ಮನೆಯ ತಾರಸಿಯಿಂದಾದರೂ ಹೇಳಹೆಸರಿಲ್ಲದಂತೆ ಮಾಡುತ್ತೇನೆ ಎಂದು ನಾನು ಪಣ ತೊಟ್ಟದ್ದು ಮಳೆಗಾಲದ ಸೋಣ ತಿಂಗಳ ಒಂದು ಬೆಳಿಗ್ಗೆ. ಕೈಯಲ್ಲಿ ಚಾದ ಲೋಟ ಇತ್ತು, ನೀರುದೋಸೆ ಇನ್ನೂ ಕಾವಲಿಯ ಮೇಲಿತ್ತು. ಖಾಲಿ ಹೊಟ್ಟೆಯಲ್ಲಿ ಪಣ ತೊಡಬಾರದು ಎಂಬ ಬುದ್ಧಿ ನನಗೆ ಬಂದದ್ದು ಆಮೇಲೆ.

ನನಗೆ ಬೆಟ್ಟಂಪಾಡಿಯಲ್ಲಿ ಅಡಿಕೆ ತೋಟ, ಪುತ್ತೂರು ಪೇಟೆಯ ಹೊರಗೆ ಮನೆ. ಕೊಳೆರೋಗದ ಜೊತೆ ಎಷ್ಟೋ ಮಳೆಗಾಲ ಕಾದಾಡಿ ಗೆದ್ದ ಮಹಾವೀರ ನಾನು. ಆದರೆ ತಾರಸಿ ಮಾತ್ರ ನನ್ನ ಹೆಂಡತಿ ಪಂಕಜಾಕ್ಷಿಯ ಸಾಮ್ರಾಜ್ಯ. ಅಲ್ಲಿ ಚೀಲಗಳಲ್ಲಿ ಸಾಲಾಗಿ ಮಲ್ಲಿಗೆ ಗಿಡಗಳು. ಪಕ್ಕದ ಮನೆಯ ಸಾರಮ್ಮನ ಮೊಮ್ಮಗಳು ಅಮೀರಾಳ ಮದುವೆಗೆ, ಮದುಮಗಳ ತಲೆಗೆ ನಮ್ಮ ತಾರಸಿಯದೇ ಮಲ್ಲಿಗೆ ಎಂದು ಪಂಕಜಾಕ್ಷಿ ಮಾತು ಕೊಟ್ಟಿದ್ದಳು. ಆ ಹುಡುಗಿ ಅರ್ಧ ನಮ್ಮ ಅಡುಗೆಮನೆಯಲ್ಲೇ ಬೆಳೆದವಳು. ಹಾಗಾಗಿ ಮಲ್ಲಿಗೆ ಎಲೆಗಳ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ ಕಂಡ ದಿನ ಪಂಕಜಾಕ್ಷಿಯ ಮುಖ ಬಾಡಿಹೋಯಿತು.

"ಇದು ತುಕ್ಕು ರೋಗ ಅಂತೆ. ಹಿಡಿದ ಎಲೆ ಎಲ್ಲ ಕತ್ತರಿಸಿ ಸುಡಬೇಕಂತೆ, ಗಿಡದ ಮಧ್ಯೆ ಗಾಳಿ ಆಡಬೇಕಂತೆ" ಎಂದಳು.

"ಕತ್ತರಿಸುದು ಸೆಲೂನಿನ ಕೆಲಸ. ನಾನು ತೋಟದವ. ರೋಗ ಎಂಥದ್ದೇ ಇರಲಿ, ನಾನು ನೋಡಿಕೊಳ್ತೇನೆ."

"ನೀವು ಮುಟ್ಟುದು ಬೇಡ ಮಾರಾಯ್ರೆ. ನೀವು ನೋಡಿಕೊಂಡ ದಾಸವಾಳ ಈಗ ಎಲ್ಲುಂಟು?"

"ಅದರ ಆಯುಷ್ಯ ಮುಗಿದಿತ್ತು."

"ನೆಟ್ಟು ತಿಂಗಳಾಗಿರ್ಲಿಲ್ಲ."

ಇತಿಹಾಸ ಕೆದಕುವವರ ಜೊತೆ ವಿಜ್ಞಾನ ಮಾತಾಡಿ ಪ್ರಯೋಜನವಿಲ್ಲ. ನಾನು ಕೆಲಸಕ್ಕಿಳಿದೆ.

ಅಡಿಕೆ ಗೊನೆಗೆ ಮಳೆ ತಾಗದಂತೆ ನಮ್ಮಲ್ಲಿ ಕೊಟ್ಟೆ ಕಟ್ಟುವ ಕ್ರಮ ಉಂಟು. ಗೊನೆಗೆ ಆಗುವುದು ಮಲ್ಲಿಗೆಗೆ ಯಾಕೆ ಆಗಬಾರದು? ಪ್ರತಿ ಗಿಡಕ್ಕೂ ಪ್ಲಾಸ್ಟಿಕ್ ಕವರು ತೊಡಿಸಿ ಬುಡಕ್ಕೆ ದಾರ ಬಿಗಿದೆ. ತಾರಸಿ ತುಂಬ ಮದುವಣಗಿತ್ತಿಯರು ಮುಸುಕು ಹಾಕಿ ನಿಂತ ಹಾಗೆ ಕಾಣುತ್ತಿತ್ತು. ವಾರ ಕಳೆದು ಕವರು ಬಿಚ್ಚಿದರೆ ಒಳಗೆಲ್ಲ ಬೆವರು, ಹಬೆ. ಮೊದಲು ಹಸಿರಾಗಿದ್ದ ಎಲೆಗೂ ಈಗ ಕಿತ್ತಳೆ ಹುಡಿ ಹಿಡಿದಿತ್ತು. ತುಕ್ಕಿಗೆ ನಾನು ಬೆಚ್ಚಗಿನ ಬಾಣಂತಿ ಕೋಣೆ ಕಟ್ಟಿಕೊಟ್ಟಿದ್ದೆ!

"ಈಗ ಸಮಾಧಾನ ಆಯ್ತಾ?" ಎಂದು ಕೇಳಿದಳು ಪಂಕಜಾಕ್ಷಿ.

ಆಗಿರಲಿಲ್ಲ. ಇನ್ನು ಬ್ರಹ್ಮಾಸ್ತ್ರವೇ ಗತಿ ಎಂದುಕೊಂಡೆ. ಮೈಲುತುತ್ತಿನ ನೀರಿಗೆ ಸುಣ್ಣದ ನೀರು ಬೆರೆಸಿದರೆ ಸಿಗುವ ಆಕಾಶನೀಲಿ ಬಣ್ಣದ ಬೋರ್ಡೋ ದ್ರಾವಣ. ನಮ್ಮ ಕಡೆ ಅಡಿಕೆಯವರಿಗೆ ಅದರ ಮೇಲೆ ದೇವರ ಮೇಲಿನಷ್ಟೇ ನಂಬಿಕೆ, ಕೆಲವರಿಗೆ ಒಂದು ಮುಷ್ಟಿ ಹೆಚ್ಚೇ. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದಿದೆ, ಸಂಜೆಗೆ ಗಾಳಿಮಳೆ ಎಂದು ಟಿವಿಯವರು ಬೊಬ್ಬೆ ಹೊಡೆಯುತ್ತಿದ್ದರು. ಮಳೆಗೆ ಮದ್ದು ತೊಳೆದು ಹೋಗಬಾರದೆಂದು ರಾಳದ ಅಂಟನ್ನೂ ಸೇರಿಸಿದೆ. ಸೇರಿಸುವಾಗ ಕೈ ಸ್ವಲ್ಪ ಧಾರಾಳವಾಯಿತು.

ಪಂಕಜಾಕ್ಷಿ ಒಂದು ಪುಟ್ಟ ಕೈಪಂಪು ತಂದುಕೊಟ್ಟಳು. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುತ್ತಾರಲ್ಲ, ಅಂಥದ್ದು.

"ಇದರಲ್ಲಿ ಮದ್ದು ಬಿಟ್ಟರೆ ನೋಡಿದವರು ಎಂತ ಹೇಳಿಯಾರು?" ಎಂದೆ.

"ನೋಡ್ಲಿಕ್ಕೆ ಯಾರು ಬರ್ತಾರೆ?"

ನಾನು ನೇರ ತೋಟಕ್ಕೆ ಹೋಗಿ ಅಡಿಕೆಗೆ ಮದ್ದು ಬಿಡುವ ಮೋಟಾರು ಪಂಪು, ಸುರುಳಿಗಟ್ಟಲೆ ಪೈಪು, ಜೊತೆಗೆ ಹೊಸ ಫೈಬರ್ ದೋಟಿಯನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಬಂದೆ. ನೆಲದಲ್ಲಿ ನಿಂತೇ ಅಡಿಕೆ ಮರದ ತಲೆಗೆ ಮದ್ದು ಮುಟ್ಟಿಸುವ ಉದ್ದದ ಕೋಲು ಅದು. ಮಲ್ಲಿಗೆ ಗಿಡ ನನ್ನ ಮೊಣಕಾಲಿನಷ್ಟು ಎತ್ತರ. ಹಾಗಾಗಿ ಆ ಮೂಲೆಯ ಗಿಡಕ್ಕೆ ಮದ್ದು ಬಿಡಬೇಕಾದರೆ ನಾನು ಈ ಮೂಲೆಯಲ್ಲಿ ನಿಲ್ಲಬೇಕಾಯಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

"ಸ್ವಿಚ್ಚು ಹಾಕು" ಎಂದು ಕೆಳಗೆ ಕೂಗಿದೆ. ಪಂಕಜಾಕ್ಷಿ ಹಾಕಿ ಒಳಗೆ ಹೋದಳು.

ಮೊದಲ ಗಿಡದ ಎಲೆಗಳು ರೋಗದ್ದು, ಆರೋಗ್ಯದ್ದು ಎಂಬ ಭೇದಭಾವವಿಲ್ಲದೆ ಹಾರಿಹೋದವು. ಎರಡನೆಯದು ಚೀಲಸಮೇತ ಮಗುಚಿಬಿತ್ತು. ನಿಲ್ಲಿಸೋಣವೆಂದರೆ ದೋಟಿಯ ಬುಡದ ವಾಲ್ವು ರಾಳದ ಅಂಟಿಗೆ ಸಿಕ್ಕಿ ತಿರುಗಲೇ ಇಲ್ಲ. "ಪಂಕಜಾ, ಆಫ್ ಮಾಡು" ಎಂದು ಅರಚಿದೆ. ಕೆಳಗೆ ಮಿಕ್ಸಿ ತೆಂಗಿನಕಾಯಿ ಕಡೆಯುತ್ತಿತ್ತು. ನನ್ನ ಕೂಗು ಪದಾರ್ಥದ ಮಸಾಲೆಯಲ್ಲಿ ಸೇರಿ ಅರೆದುಹೋಯಿತು. ಸಂಜೆ ಬರಬೇಕಾಗಿದ್ದ ಗಾಳಿಗೂ ಅದೇ ಮುಹೂರ್ತ ಬೇಕಾಗಿತ್ತು ಕಾಣುತ್ತದೆ. ಬೀಸಿದ ರಭಸಕ್ಕೆ ದೋಟಿ ಬಾಗಿ, ಬಳುಕಿ, ತಾರಸಿಯ ಎಲ್ಲ ಗಿಡಗಳನ್ನೂ ಸವರಿಕೊಂಡು ಪಕ್ಕಕ್ಕೆ ತಿರುಗಿತು. ನಾನು ದೋಟಿಯನ್ನು ಹಿಡಿದಿದ್ದೆನೋ, ದೋಟಿ ನನ್ನನ್ನು ಹಿಡಿದಿತ್ತೋ ಗೊತ್ತಿಲ್ಲ.

ಪಕ್ಕದಲ್ಲಿದ್ದದ್ದು ಸಾರಮ್ಮನ ಮನೆ. ಮಳೆ ಬಿಟ್ಟ ಸಂದಿನಲ್ಲಿ ಬಣ್ಣದವರು ಸಿಕ್ಕಿದರೆಂದು ಮದುವೆಗೆ ಮುಂಚಿತವಾಗಿಯೇ ಹಾಲುಬಿಳಿ ಬಣ್ಣ ಬಳಿಸಿಕೊಂಡು ಕೂತಿದ್ದ ಮನೆ.

ಮಿಕ್ಸಿ ನಿಂತು, ಮೋಟಾರು ನಿಲ್ಲುವಷ್ಟರಲ್ಲಿ ಆ ಮನೆಯ ನಮ್ಮ ಕಡೆಯ ಗೋಡೆ ಪೂರ್ತಿ ನೀಲಿಯಾಗಿತ್ತು. ಸಾರಮ್ಮ ಅಂಗಳಕ್ಕೆ ಬಂದು ಗೋಡೆ ನೋಡಿದರು, ನನ್ನನ್ನು ನೋಡಿದರು.

"ಸುಂದರಾ, ಎಂತ ಅದು?"

"ಮದ್ದು ಸಾರಮ್ಮ. ಮಲ್ಲಿಗೆಗೆ."

"ಮಲ್ಲಿಗೆ ನಿನ್ನ ಮನೆಯಲ್ಲಿ ಅಲ್ವಾ ಇರುದು?"

"ನೀವು ಚಿಂತೆ ಮಾಡ್ಬೇಡಿ. ರಾತ್ರಿಯ ಮಳೆಗೆ ತೊಳೆದು ಹೋಗ್ತದೆ" ಎಂದೆ.

ಅಷ್ಟರಲ್ಲಿ ಪಂಕಜಾಕ್ಷಿ ಮೇಲೆ ಬಂದಿದ್ದಳು. "ಹೇಗೆ ಹೋಗುದು? ಮಳೆಗೆ ಹೋಗಬಾರದು ಅಂತ ಅಲ್ವಾ ರಾಳ ಹಾಕಿದ್ದು?"

ಅವಳ ಮಾತೇ ನಿಜವಾಯಿತು. ಆ ದಿನದ ಗಾಳಿಮಳೆಗೆ ಕರೆಂಟು ಹೋಯಿತು, ರಸ್ತೆಗೆ ಮರ ಬಿತ್ತು, ಯಾರದೋ ಸಿಮೆಂಟ್ ಶೀಟು ನಮ್ಮ ಅಂಗಳಕ್ಕೆ ಬಂತು. ಗೋಡೆಯ ನೀಲಿ ಮಾತ್ರ ಒಂದು ಹನಿಯೂ ಇಳಿಯದೆ, ತೊಳೆದದ್ದಕ್ಕೆ ಇನ್ನಷ್ಟು ಹೊಳೆಯುತ್ತಿತ್ತು. ಅಂಟಿನ ಬಗ್ಗೆ ಹೆಮ್ಮೆ ಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಪಂಕಜಾಕ್ಷಿ ಬೋಳಾದ ಗಿಡಗಳ ನಡುವೆ ಕೂತಿದ್ದಳು. "ಅಮೀರಾಳಿಗೆ ಎಂತ ಹೇಳುದು ನಾನು?" ಎಂದಳು. ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಭ್ಯಾಸ ಉಂಟು. ಬೈಯದೆ ಕೂತದ್ದು ನೋಡಿ ನಾನು ಮಗುಚಿಬಿದ್ದ ಚೀಲವನ್ನು ಎತ್ತಿ ನಿಲ್ಲಿಸಿದೆ. ಏನಾದರೂ ಸಹಾಯ ಮಾಡಲೇ ಎಂದು ಕೇಳಿದೆ.

"ಕೆಳಗೆ ಹೋಗಿ. ಅದೇ ದೊಡ್ಡ ಸಹಾಯ."

ಕೆಳಗೆ ಸಾರಮ್ಮ ಕಾಯುತ್ತಿದ್ದರು. "ಬಣ್ಣದವ ಇನ್ನು ಮದುವೆ ಕಳಿಯದೆ ಬರುದಿಲ್ಲ ಅಂದ. ಒಂದು ಬದಿ ನೀಲಿ, ಮೂರು ಬದಿ ಬಿಳಿ. ಗಂಡಿನ ಕಡೆಯವರು ಬಂದರೆ ಎಂತ ಹೇಳುದು? ಉಳಿದ ಮೂರಕ್ಕೂ ನೀನೇ ಬಿಟ್ಟು ಸಮ ಮಾಡು."

"ಸಾರಮ್ಮ, ಅದು ಕೊಳೆರೋಗದ ಮದ್ದು."

"ಒಳ್ಳೇದಾಯ್ತು. ಗೋಡೆಗೆ ಹಾವಸೆ ಹಿಡಿಯುದಿಲ್ಲ."

ಹೀಗೆ ಕೊಳೆರೋಗ ಸಂಹಾರಿಯಾದ ನಾನು ಮಳೆ ಬಿಟ್ಟ ಹೊತ್ತೆಲ್ಲ ಪಕ್ಕದ ಮನೆಯ ಸುತ್ತ ದೋಟಿ ಹಿಡಿದು ಪ್ರದಕ್ಷಿಣೆ ಬಂದೆ. ದಾರಿಯಲ್ಲಿ ಹೋಗುವವರು ಸ್ಕೂಟರು ನಿಲ್ಲಿಸಿ, "ಈ ಮನೆ ಎಷ್ಟು ಅಡಿಕೆ ಬಿಡ್ತದೆ ಸುಂದರಣ್ಣ?" ಎಂದು ಕೇಳಿ ಹೋಗುತ್ತಿದ್ದರು.

ಅತ್ತ ತಾರಸಿಯಲ್ಲಿ ಪಂಕಜಾಕ್ಷಿ ಉದುರಿದ ಎಲೆಗಳನ್ನೆಲ್ಲ ಗುಡಿಸಿ ಬಚ್ಚಲ ಒಲೆಗೆ ಹಾಕಿದಳು. ಕತ್ತರಿಯಿಂದ ಗಿಡದ ತುದಿ ಸವರಿದಳು, ಚೀಲಗಳನ್ನು ದೂರ ದೂರ ಇಟ್ಟಳು, ಮಳೆ ಬಿಟ್ಟ ದಿನ ಎಲೆ ಒದ್ದೆಯಾಗದಂತೆ ಬುಡಕ್ಕೆ ಮಾತ್ರ ನೀರು ಕೊಟ್ಟಳು. ಚಿಗುರು ಬಂತು. ಹುಡಿ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮೊಗ್ಗುಗಳೂ ಕಂಡವು, ತುದಿ ತುದಿಗೆ.

ಬೋಳಿಸಿದರೆ ಮಲ್ಲಿಗೆ ಚೆನ್ನಾಗಿ ಚಿಗುರಿ ಮೊಗ್ಗು ಬಿಡುತ್ತದೆ ಎಂದು ಯಾರೋ ಹೇಳಿದ್ದೇ ತಡ, ನನ್ನ ಎದೆ ಮತ್ತೆ ಉಬ್ಬಿತು.

"ನೋಡಿದೆಯಾ? ಎಲೆ ಉದುರಿಸಿದ್ದು ಯಾರು?"

"ಗಾಳಿ" ಎಂದಳು.

ಮದುವೆಯ ದಿನ ಅಮೀರಾ ತಲೆ ತುಂಬ ನಮ್ಮ ಮಲ್ಲಿಗೆ ಮುಡಿದು ಪಂಕಜಾಕ್ಷಿಯ ಹತ್ತಿರ ಬಂದು, ಬೆನ್ನು ತಿರುಗಿಸಿ ಜಡೆ ತೋರಿಸಿದಳು. ಪಂಕಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಹೊತ್ತಿಗೆ ಸರಿಯಾಗಿ ಮದುಮಗನ ಮಾವ, ಸವಣೂರಿನ ನೌಷಾದ್, ನನ್ನನ್ನು ಹುಡುಕಿಕೊಂಡು ಬಂದರು.

"ಮದ್ದು ಬಿಟ್ಟದ್ದು ನೀವೇ ಅಲ್ವಾ? ನಮ್ಮಲ್ಲಿಗೂ ಒಮ್ಮೆ ಬರಬೇಕು ಮಾರಾಯ್ರೆ."

ಪಕ್ಕದಲ್ಲಿದ್ದ ಪಂಕಜಾಕ್ಷಿಗೆ ಕೇಳಲಿ ಎಂದು ನಾನು ಸ್ವರ ಏರಿಸಿದೆ. "ನಿಮ್ಮಲ್ಲೂ ಮಲ್ಲಿಗೆ ಉಂಟಾ? ತುಕ್ಕು ಹಿಡಿದಿದೆಯಾ?"

"ಮಲ್ಲಿಗೆಯೂ ಉಂಟು, ತುಕ್ಕೂ ಉಂಟು. ಅದನ್ನು ನೋಡ್ಲಿಕ್ಕೆ ಪಂಕಜಕ್ಕ ಬರ್ತೇನೆ ಅಂತ ಒಪ್ಪಿದ್ದಾರೆ. ನೀವು ಅವರ ಒಟ್ಟಿಗೆ ದೋಟಿ ತಕೊಂಡು ಬನ್ನಿ. ಕಂಪೌಂಡಿಗೆ ಬಣ್ಣ ಹೊಡಿಲಿಕ್ಕುಂಟು."